ಸುಂದರಿಯಕ್ಕ ಬಿಟ್ಟ ಬಸ್ಸು

ಮನೆಯಲ್ಲಿ ಒಬ್ಬರಿಗೆ ಮರೆವಿನ ಕಾಯಿಲೆ ಬಂದರೆ ಉಳಿದವರೆಲ್ಲ ಪರೀಕ್ಷೆ ಮಾಡುವವರಾಗಿಬಿಡುತ್ತಾರೆ. ನಾನು ಯಾರು, ಇವತ್ತು ಯಾವ ವಾರ, ಬೆಳಿಗ್ಗೆ ಎಂತ ತಿಂದದ್ದು? ಯಶ್ಮಿತಾಳೂ ಹಾಗೆಯೇ. ಅವಳಿಗೆ ಸರಕಾರಿ ಅರ್ಜಿ ಹಾಕಿಕೊಡುವ ಅಕ್ಷಯ ಕೇಂದ್ರದಲ್ಲಿ ಕೆಲಸ. ದಿನವಿಡೀ ಊರವರ ಅರ್ಜಿ ತುಂಬುವುದು. ಹೆಸರು, ತಾರೀಕು ಆಧಾರ್ ಕಾರ್ಡಿಗೆ ಹೊಂದದಿದ್ದರೆ ತಿದ್ದುವುದು.

ಅವಳ ತಾಯಿ ಸುಂದರಿಯಕ್ಕ ಇರುವುದು ಮಂಜೇಶ್ವರದ ಬಳಿಯ ಒಂದು ಆರೈಕೆ ಮನೆಯಲ್ಲಿ. ಅಲ್ಲಿ ಪ್ರತಿ ಬುಧವಾರ ರಂಜನಿ ಎಂಬಾಕೆ ಬಂದು ‘ಬರೆಯುವ ಗಂಟೆ’ ನಡೆಸುತ್ತಾಳೆ. ಅಮ್ಮ ಹೇಳಿ ಬರೆಸಿದ ಹಾಳೆ ಕೈಗೆ ಬಂದಾಗ ಯಶ್ಮಿತಾಳಿಗೆ ತಲೆಬುಡ ತಿಳಿಯಲಿಲ್ಲ. ‘ನಾನು ಬಸ್ಸು ಬಿಡ್ತಿದ್ದೆ. ನೆಕ್ರಾಜೆಯಿಂದ ಸಮುದ್ರದವರೆಗೆ. ಟಿಕೇಟಿಲ್ಲ.’

“ಅಮ್ಮ, ನೀನು ಯಾವ ಬಸ್ಸು ಬಿಟ್ಟದ್ದು?” ಎನ್ನುತ್ತಾ ಅಮ್ಮನ ಎದುರಿಗೇ ಸಾಲುಗಳನ್ನು ಹೊಡೆದುಹಾಕಿ, ‘ಗೇರುಬೀಜದ ಕಾರ್ಖಾನೆ, ಇಪ್ಪತ್ತಾರು ವರ್ಷ’ ಎಂದು ಬರೆದಳು.

ಸುಂದರಿಯಕ್ಕ ಬಾಯಿ ಮುಚ್ಚಿದರು. ಮೂರು ವಾರ. ಗಂಜಿ ಬೇಕಾ ಎಂದರೂ ಮಾತಿಲ್ಲ.

“ಇದ್ದದ್ದನ್ನೇ ಬರೆದದ್ದಲ್ವಾ ನಾನು? ತಪ್ಪೆಂತ?” ಯಶ್ಮಿತಾ ರಂಜನಿಯನ್ನು ಕೇಳಿದಳು.

“ಅದು ಅರ್ಜಿ ಅಲ್ಲ ಯಶ್ಮಿತಕ್ಕ,” ಎಂದಳು ರಂಜನಿ. “ಇಪ್ಪತ್ತಾರು ವರ್ಷ ಬೀಜ ಸುಲಿದವರು ಮನಸ್ಸಲ್ಲಾದರೂ ಒಂದು ಬಸ್ಸು ಬಿಡಬಾರದಾ?”

“ಅಮ್ಮನಿಗೆ ಸಹಿ ಹಾಕಲಿಕ್ಕೂ ಬರುವುದಿಲ್ಲ.”

“ಪೆನ್ನು ನಾವು ಹಿಡಿಯುವುದು. ತುಳುವಿನಲ್ಲಿ ಹೇಳಿದರೆ ತುಳುವಿನಲ್ಲೇ ಬರೆದು ಗಟ್ಟಿಯಾಗಿ ಓದುವುದು. ‘ನೆನಪುಂಟಾ’ ಅಂತ ಕೇಳಬೇಡಿ. ‘ಮತ್ತೆ ಎಂತಾಯ್ತು’ ಅಂತ ಕೇಳಿ.”

“ಆಗ ಗುಣ ಆಗ್ತದಾ?”

“ಇಲ್ಲ. ಆದರೆ ಬಾಯಿ ಮುಚ್ಚಿ ಕೂರುವುದು ತಪ್ಪಬಹುದು.”

ಮುಂದಿನ ಬುಧವಾರ ಯಶ್ಮಿತಾ ಗೊಂದಲದಲ್ಲೇ ಬಂದು ಕುಳಿತಳು. ರಂಜನಿ ಎಲ್ಲರ ನಡುವೆ ಬಸ್ಸಿನ ಚಿತ್ರವೊಂದನ್ನು ಇಟ್ಟಳು. ಅಲ್ಲೇ ಇರುವ ಚೆನ್ನಯ್ಯ ಬಗ್ಗಿ ನೋಡಿ, “ಇದಕ್ಕೆ ಬ್ರೇಕ್ ಇಲ್ಲ ಮಾರಾಯ್ರೆ,” ಎಂದರು. ರಂಜನಿ ಬರೆದುಕೊಂಡು ಓದಿದಳು.

“ಅವನಿಗೆಂತ ಗೊತ್ತು?” ಎಂದರು ಸುಂದರಿಯಕ್ಕ. “ಬ್ರೇಕ್ ಉಂಟು. ನಾನು ಹಾಕುವುದಿಲ್ಲ.”

ಯಶ್ಮಿತಾ ತಡವರಿಸುತ್ತಾ ಕೇಳಿದಳು: “ಬಸ್ಸಲ್ಲಿ ಯಾರೆಲ್ಲ ಇದ್ದಾರೆ?”

“ಕಾರ್ಖಾನೆಯ ಹೆಂಗಸರು. ಎಲ್ಲರಿಗೂ ಸೀಟುಂಟು. ನನ್ನ ಮಗಳೂ ಇದ್ದಾಳೆ, ಆಫೀಸಿನವಳು. ಅವಳು ನಿಂತುಕೊಳ್ಳಲಿ. ಎಲ್ಲದಕ್ಕೂ ಕಾರ್ಡು ಕೇಳ್ತಾಳೆ.”

ಎಲ್ಲರೂ ನಕ್ಕರು. ಸುಂದರಿಯಕ್ಕ ಎದುರಿದ್ದವಳನ್ನು ದಿಟ್ಟಿಸಿದರು. “ನೀವು ಯಾರು?”

‘ನಾನೇ ಆ ಮಗಳು’ ಎಂಬ ಮಾತು ಗಂಟಲವರೆಗೆ ಬಂದಿತ್ತು. ಹೇಳುವುದಾ, ಬೇಡವಾ?

“ಬರೆದುಕೊಳ್ಳುವವಳು,” ಎಂದಳು ಯಶ್ಮಿತಾ. “ಮತ್ತೆ ಎಂತಾಯ್ತು?”

ಊಟಕ್ಕೆ ಕರೆಯುವವರೆಗೂ ಸುಂದರಿಯಕ್ಕ ಹೇಳುತ್ತಲೇ ಇದ್ದರು.

ಅಕ್ಕಂದಿರೇ, ಅಣ್ಣಂದಿರೇ, ಮರೆತವರನ್ನು ಪ್ರಶ್ನೆ ಕೇಳಿ ಸೋಲಿಸುವುದನ್ನು ಇವತ್ತೇ ನಿಲ್ಲಿಸಿ. ನಿಮ್ಮವರು ಇರುವ ಆರೈಕೆ ಮನೆಯಲ್ಲಿ ಬರೆಯುವ ಗಂಟೆ ಇಲ್ಲವೇ? ಬೇಕೆಂದು ಹಟ ಹಿಡಿಯಿರಿ. ಗಂಜಿ, ಗುಳಿಗೆ ಕೊಟ್ಟೆವಲ್ಲ ಎಂದು ಅಲ್ಲಿಯವರು ಹೇಳಿದರೆ, ಅಷ್ಟು ಸಾಲದು ಎನ್ನಿ. ಜೀವಮಾನವೆಲ್ಲ ದುಡಿದವರಿಗೆ ಅನ್ನದಷ್ಟೇ ಮಾತಿನ ಹಕ್ಕೂ ಉಂಟು. ಈ ವಾರ ಹಣ್ಣಿನ ಜೊತೆ ಒಂದು ನೋಟ್‌ಬುಕ್ಕನ್ನೂ ಒಯ್ಯಿರಿ. ಪಕ್ಕದಲ್ಲಿ ಕುಳಿತು ಕೇಳಿ.