ಏಳನೇ ತೂತು

ಮಡಿಪಂಚೆ ತೆಗೆಯಲೆಂದು ಕೃಷ್ಣಮೂರ್ತಿಗಳು ಗೂಡಿನ ಮೇಲಿದ್ದ ಟ್ರಂಕನ್ನು ಎಳೆದಾಗ ಅದರ ಮೇಲಿನ ಬೂಟಿನ ಡಬ್ಬ ಮಗುಚಿ, ಮುನ್ನೂರು ಚಿಲ್ಲರೆ ಕಾರ್ಡುಗಳು ಸೀತಾರಾಮನ ಕಾಲ ಬಳಿ ಚೆಲ್ಲಿಕೊಂಡವು. ಎರಡು ಹೆಬ್ಬೆರಳುಗಳನ್ನು ಸೇರಿಸಿ ದಾರ ಕಟ್ಟಿದ್ದ ಕಾಲು. ಜೀವ ಹೋಗಿ ಆಗಲೇ ಹನ್ನೆರಡು ಗಂಟೆಯಾಗಿತ್ತು.

ಕೂಡಿದ್ದವರ ಅಳು ಒಂದು ಗಳಿಗೆ ನಿಂತಿತು. ಅಂಗೈಯಗಲದ ರಟ್ಟಿನ ಕಾರ್ಡುಗಳು. ಪ್ರತಿಯೊಂದರ ಮೇಲಂಚಿಗೂ ಸಾಲಾಗಿ ಇಪ್ಪತ್ತು ತೂತು. ಕೆಲವು ತೂತುಗಳ ಬಾಯಿ ಅಂಚಿನವರೆಗೆ ಕತ್ತರಿಸಿ ತೆರೆದದ್ದು. ಕೃಷ್ಣಮೂರ್ತಿಗಳು ಅವನ್ನು ಕಾಲಿನಿಂದಲೇ ಬದಿಗೆ ಸರಿಸಲು ಹೋದರು. ಅಷ್ಟು ಹೊತ್ತೂ ಗೋಡೆಗೆ ತಲೆಯಾನಿಸಿ ಕೂತಿದ್ದ ಇಂದುಮತಿ ಎದ್ದು ಬಂದು, "ತುಳೀಬೇಡಿ" ಎಂದಷ್ಟೇ ಹೇಳಿ, ಒಂದೊಂದನ್ನೇ ಆಯ್ದು, ನೆಲಕ್ಕೆ ತಟ್ಟಿ ಅಂಚು ಕೂಡಿಸಿ, ಡಬ್ಬಕ್ಕೆ ತುಂಬಿದಳು. ಗಂಡನ ಹೆಣದ ಮುಂದೆ ಇವಳಿಗೆ ಇದೆಂಥ ಕಾಗದದ ಚಿಂತೆ ಎಂದು ಹೆಂಗಸರು ಮುಖ ಮುಖ ನೋಡಿಕೊಂಡರು. ಅವರಿಗೇನು ಗೊತ್ತು, ಆ ತೂತುಗಳ ಬಾಯಿ ತೆರೆದವಳು ಅವಳೇ ಎಂದು.

ಅಹಮದಾಬಾದಿನ ಮಣಿನಗರದಲ್ಲಿ ಕನ್ನಡದ ಮನೆಗಳು ಬೆರಳೆಣಿಕೆಯಷ್ಟು. ರೈಲ್ವೆಯಲ್ಲಿ ಟಿಕೆಟ್ ಪರೀಕ್ಷಕರಾಗಿದ್ದ ಕೃಷ್ಣಮೂರ್ತಿಗಳು ಅವಕ್ಕೆಲ್ಲ ಹಿರಿಯರು. ಮದುವೆಗೂ ಅವರೇ, ಮಸಣಕ್ಕೂ ಅವರೇ. ಈಗ ಅವರ ಮುಂದಿದ್ದದ್ದು ಒಂದೇ ಪ್ರಶ್ನೆ, ಬೆಂಕಿ ಕೊಡುವವರು ಯಾರು? ಸೀತಾರಾಮನಿಗೆ ಗಂಡುಮಕ್ಕಳಿಲ್ಲ, ಇರುವವಳು ಹದಿನಾಲ್ಕರ ರಜನಿ. ಅಣ್ಣ ಚಿತ್ರದುರ್ಗದಿಂದ ಹೊರಟರೂ ಬಂದು ಸೇರುವುದು ಮೂರನೇ ದಿನ.

ಅಷ್ಟರಲ್ಲಿ ಬರೋಡಾದ ಬೆಳಗಿನ ಗಾಡಿಯಿಳಿದು, ಹಿಂದೆ ಇದೇ ಮನೆಯಲ್ಲಿದ್ದು ಕೆಲಸ ಕಲಿತಿದ್ದ ಲಕ್ಷ್ಮೀನಾರಾಯಣ ಬಂದ. ಬಾಗಿಲಲ್ಲೇ ಚಪ್ಪಲಿ ಕಳಚಿ, ಹೆಣದ ಪಾದದ ಮೇಲೆ ಬಿದ್ದು ಅತ್ತ. ಆ ಅಳು ಸುಳ್ಳಲ್ಲ, ಅದನ್ನು ಹೇಳಿಬಿಡಬೇಕು. ಅತ್ತು ಮುಗಿಸಿ ಇಂದುಮತಿಯ ಕಡೆ ತಿರುಗಿದ.

"ಅಣ್ಣನಿಗೆ ನಾನು ತಮ್ಮ ಅಲ್ವಾ ಅತ್ತಿಗೆ? ನಾನು ಕೊಡ್ತೀನಿ ಬೆಂಕಿ."

ಒಡಹುಟ್ಟಿದವನಲ್ಲದಿದ್ದರೂ ಗೋತ್ರ ಒಂದೇ. ಕೃಷ್ಣಮೂರ್ತಿಗಳಿಗೆ ತಲೆಯ ಮೇಲಿನ ಭಾರ ಇಳಿಯಿತು. ಬೆಂಕಿ ಕೊಟ್ಟವನು ಹತ್ತು ದಿನವೂ ಇದೇ ಮನೆಯಲ್ಲಿದ್ದು ಕರ್ಮ ಮುಗಿಸಬೇಕೆಂದು ಅವರು ನೆನಪಿಸಿದರು. ಆಫೀಸಿಗೆ ರಜೆ ಬರೆದೇ ಬಂದಿದ್ದೇನೆಂದ ಲಕ್ಷ್ಮೀನಾರಾಯಣ. ಇಂದುಮತಿ ತಲೆಯಾಡಿಸಿದಳು.

*

ಅರವತ್ತೊಂದರ ಚಳಿಗಾಲ. ಸೀತಾರಾಮ ಜವಳಿ ಸಂಶೋಧನೆಯ ಒಂದು ಸಂಸ್ಥೆಯ ಗ್ರಂಥಾಲಯದಲ್ಲಿ ಸಹಾಯಕ. ದೇಶವಿದೇಶದ ಪತ್ರಿಕೆಗಳಲ್ಲಿ ನೂಲು, ಬಣ್ಣ, ಗಂಜಿಗಳ ಮೇಲೆ ಬಂದ ಲೇಖನಗಳನ್ನೆಲ್ಲ ವಿಷಯವಾರು ಜೋಡಿಸಿಡುವುದು ಅವನ ಕೆಲಸ. ಅವನ ಗೋಳು ಊಟದ ತಟ್ಟೆಯ ಮುಂದೂ ತಪ್ಪುತ್ತಿರಲಿಲ್ಲ. ಒಂದೇ ಲೇಖನ ಹತ್ತಿಗೂ ಸೇರುತ್ತದೆ, ಬಣ್ಣಕ್ಕೂ ಸೇರುತ್ತದೆ, ತೇವಕ್ಕೂ ಸೇರುತ್ತದೆ. ಒಂದು ಡ್ರಾಯರಿಗೆ ಹಾಕಿದರೆ ಉಳಿದೆರಡಕ್ಕೆ ಸಿಗುವುದಿಲ್ಲ. ವಿದೇಶದಲ್ಲಿ ಇದಕ್ಕೆಂದೇ ತೂತಿನ ಕಾರ್ಡುಗಳಿರುವುದನ್ನು ಚಿತ್ರದಲ್ಲಿ ನೋಡಿ ತರಿಸಿಕೊಡಿ ಎಂದು ಆಫೀಸಿಗೆ ಬರೆದ. ವಿದೇಶಿ ವಿನಿಮಯ ಇಲ್ಲವೆಂಬ ಉತ್ತರ ಬಂತು.

ಆ ಸಂಜೆ ಇಂದುಮತಿ ರಜನಿಗೆ ಸ್ವೆಟರು ಹೆಣೆಯುತ್ತಿದ್ದಳು. ಸೀತಾರಾಮ ಅವಳ ಕೈಯಿಂದ ಉಕ್ಕಿನ ಕಡ್ಡಿಯನ್ನು, ಅರ್ಧ ಹೆಣೆದದ್ದನ್ನೂ ನೋಡದೆ, ಸೆಳೆದುಕೊಂಡ. ಹೆಣಿಗೆಯೆಲ್ಲ ಬಿಚ್ಚಿಹೋದದ್ದಕ್ಕೆ ಬೈಗುಳ ತಿಂದ. ಮಾರನೆಯ ದಿನ ಡ್ರಾಯಿಂಗ್ ರಟ್ಟು ತಂದ. ಕೃಷ್ಣಮೂರ್ತಿಗಳಿಂದ ಟಿಕೆಟ್ ಕತ್ತರಿಸುವ ಹಳೆಯ ಪಂಚು ಕೇಳಿ ತಂದ. ಒಂದೊಂದು ತೂತಿಗೆ ಒಂದೊಂದು ವಿಷಯ. ಲೇಖನ ಯಾವ ಯಾವ ವಿಷಯಕ್ಕೆ ಸೇರುತ್ತದೋ ಆ ತೂತುಗಳ ಬಾಯಿ ತೆರೆಯಬೇಕು. ಆಮೇಲೆ ಕಾರ್ಡುಗಳನ್ನು ಕಟ್ಟಾಗಿ ಹಿಡಿದು, ಬೇಕಾದ ತೂತಿನಲ್ಲಿ ಕಡ್ಡಿ ತೂರಿಸಿ ಎತ್ತಿದರೆ, ಬಾಯಿ ತೆರೆದವು ತಾವಾಗಿಯೇ ಕೆಳಗುದುರುತ್ತವೆ. ಉಳಿದವು ಕಡ್ಡಿಯಲ್ಲಿ ನೇತಾಡುತ್ತವೆ. ಮೊದಲ ಸಲ ಮೂರು ಕಾರ್ಡು ಉದುರಿದವು, ಮೂರೂ ಬಣ್ಣದ್ದೇ. "ಇಂದೂ, ಅವೇ ಬಂದ್ವು ನೋಡು" ಎಂದು ಸೀತಾರಾಮ ನೆಲದ ಮೇಲೆ ಕೂತು ನಕ್ಕ. ಮದುವೆಯ ದಿನವೂ ಅವನು ಅಷ್ಟು ನಕ್ಕಿರಲಿಲ್ಲ.

ಅಲ್ಲಿಂದ ಮೂರು ಚಳಿಗಾಲ ಅವನು ತೂತಿನ ಅಂಕಿ ಕೂಗುವುದು, ಇವಳು ಕತ್ತರಿಸುವುದು. ಪಂಚು ಒತ್ತಿ ಒತ್ತಿ ಹೆಬ್ಬೆರಳಲ್ಲಿ ಬೊಬ್ಬೆ ಬಂದು, ಒಡೆದು, ಜಡ್ಡುಗಟ್ಟಿತು. ಒಂದೇ ಒಂದು ತೊಡಕಿತ್ತು. ಇಂದುಮತಿಯ ತಂದೆ ದಾವಣಗೆರೆಯ ಕಾಳಿನ ಮಂಡಿಯಲ್ಲಿ ಗುಮಾಸ್ತರು. ಅಲ್ಲಿ ಅಳೆಯುವಾಗ ಒಂದಕ್ಕೆ ಲಾಭ ಎನ್ನುತ್ತಿದ್ದರು. ಆರಾದ ಮೇಲೆ ಮತ್ತೊಂದು, ಆಮೇಲೆ ಎಂಟು. ಮೂಟೆಯ ಮೇಲೆ ಕೂತ ಗಿರಾಕಿಯ ಎದುರು ಏಳು ಎಂದರೆ ಎದ್ದು ಹೋಗು ಎಂದಂತಾಗುತ್ತದಲ್ಲ! ಆ ಮನೆಯಲ್ಲಿ ಬೆಳೆದವಳ ಕಿವಿಗೆ ಅದು ಅಂಕಿಯಾಗಿ ಕೇಳಿಸುತ್ತಲೇ ಇರಲಿಲ್ಲ. ಸೀತಾರಾಮ "ಮೂರು, ಏಳು" ಎನ್ನುವನು. ಇವಳು ಹಾಲು ಉಕ್ಕಿತೇನೋ ಎಂದು ಪಂಚು ಬಿಟ್ಟು ಎದ್ದು ನಿಲ್ಲುವಳು. ನಾಲ್ಕನೇ ಸಲವೂ ಹೀಗೇ ಆದಾಗ ಅವನು ಸೋತ.

"ಗುಮಾಸ್ತರ ಮಗಳಿಗೆ ಏಳು ಆಗಿಬರಲ್ಲ. ಅದೊಂದು ತೂತು ಖಾಲಿ ಬಿಡೋಣ" ಎಂದು ಏಳಕ್ಕೆ ಇದ್ದ ಉಣ್ಣೆಯನ್ನು ಎಂಟಕ್ಕೆ ಸರಿಸಿದ.

ಲಕ್ಷ್ಮೀನಾರಾಯಣ ಬಂದದ್ದು ಅರವತ್ತೆರಡರಲ್ಲಿ. ಸೀತಾರಾಮನ ಊರಿನವನೇ. ಕೆಲಸ ಕೊಡಿಸಿದವನೂ ಸೀತಾರಾಮನೇ, ಎಂಟು ತಿಂಗಳು ಮನೆಯಲ್ಲಿಟ್ಟುಕೊಂಡವನೂ ಅವನೇ. ಕಾರ್ಡಿನ ಕೆಲಸವನ್ನೆಲ್ಲ ಪಕ್ಕದಲ್ಲಿ ಕೂತು ಕಲಿತ. ಒಮ್ಮೆ ಏಳನೇದು ಯಾಕೆ ಖಾಲಿ ಎಂದು ಕೇಳಿದ್ದ. ಗಂಡ ಹೆಂಡತಿ ಮುಖ ನೋಡಿಕೊಂಡು ನಕ್ಕರೇ ಹೊರತು ಹೇಳಲಿಲ್ಲ. ಅದು ಮನೆಯ ಮಾತು. ಅರವತ್ತಮೂರರಲ್ಲಿ ಅವನಿಗೆ ಬರೋಡಾದ ಮಕರಪುರದ ಕಡೆ ಒಂದು ಹೊಸ ಕಾರ್ಖಾನೆಯಲ್ಲಿ ಇನ್ನೂ ದೊಡ್ಡ ಕೆಲಸ ಸಿಕ್ಕಿತು.

*

ಗಂಡಸರು ದೂಧೇಶ್ವರದ ಮಸಣಕ್ಕೆ ಹೊರಟುಹೋದರು. ಲಕ್ಷ್ಮೀನಾರಾಯಣ ಬೆಂಕಿಯ ಮಡಕೆ ಹಿಡಿದು ಮುಂದೆ ನಡೆದದ್ದನ್ನು ಇಂದುಮತಿ ಕಿಟಕಿಯಿಂದ ಕಂಡಳು. ಪಕ್ಕದ ಮನೆಯ ರಂಜನ್‌ಬೆನ್ ನೆಲ ತೊಳೆದು, ಹೆಣವಿದ್ದ ಜಾಗದಲ್ಲಿ ದೀಪವಿಟ್ಟಳು.

ಆಮೇಲೆ ಆಫೀಸಿನ ಪ್ಯೂನ್ ಮಗನ್‌ಭಾಯಿ ಹೂವಿನ ಹಾರ ತಂದ. ಜೊತೆಗೆ ನಿರ್ದೇಶಕರ ಇಂಗ್ಲಿಷ್ ಕಾಗದ, ತೆಳ್ಳಗಿನದೊಂದು ಅಚ್ಚಿನ ಪುಸ್ತಕ. ಇಂದುಮತಿಗೆ ಇಂಗ್ಲಿಷ್ ಬಾರದು. ರಜನಿಗೆ ಕನ್ನಡ ತಡವರಿಕೆ. ಹುಡುಗಿ ಓದಿ ಓದಿ ಹೇಳತೊಡಗಿದಳು.

"ಅಪ್ಪ ತುಂಬ ಒಳ್ಳೆ ಕ್ಲರ್ಕ್ ಇದ್ರು ಅಂತ ಬರ್ದಿದಾರೆ. ಲಕ್ಷ್ಮೀನಾರಾಯಣ್ ಮೆಥಡ್ ಇಷ್ಟು ವರ್ಷ ಫೇತ್‌ಫುಲಿ ಚಲಾಯಿಸಿದ್ರು ಅಂತೆ. ಫೇತ್‌ಫುಲಿ ಅಂದ್ರೆ ಕನ್ನಡದಲ್ಲಿ ಏನಮ್ಮಾ, ವಫಾದಾರಿ?"

"ನಿಯತ್ತು" ಎಂದಳು ಇಂದುಮತಿ. ಹೇಳಿದ ಮೇಲೆ ಆ ಮಾತು ಕಿವಿಗೆ ಬಿತ್ತು. "ಯಾರ ಮೆಥಡ್ಡು?"

"ಲಕ್ಷ್ಮೀನಾರಾಯಣ್ ಕಾಕಾ. ಈ ಬುಕ್ ಅವರ್ದೇ. ನೋಡು, ಹೆಸರಿದೆ. ಕಾರ್ಡು, ತೂತು, ಸೂಯಿ, ಎಲ್ಲ ನಮ್ಮ ಮನೇದೇ ಇದೆ ಇದ್ರಲ್ಲಿ."

ಮಗಳ ಹೆಗಲ ಮೇಲಿಂದ ಇಂದುಮತಿ ಪುಟ ನೋಡಿದಳು. ಇಪ್ಪತ್ತು ತೂತಿನ ಕಾರ್ಡಿನ ಚಿತ್ರ ಅಚ್ಚಾಗಿತ್ತು. ಏಳನೇ ತೂತಿನ ಕೆಳಗೆ ಏನು ಬರೆದಿದೆಯೆಂದು ಕೇಳಿದಳು. ಮುಂದೆ ಹೊಸ ವಿಷಯ ಬಂದರೆ ಬೇಕಾಗುತ್ತದೆಂದು ಖಾಲಿ ಬಿಟ್ಟಿದ್ದೇನೆ, ಇದು ಈ ಪದ್ಧತಿಯ ವಿಶೇಷ ಎಂದು ಬರೆದಿದೆಯೆಂದಳು ರಜನಿ.

ಇಂದುಮತಿ ಹೆಬ್ಬೆರಳಿನ ಜಡ್ಡನ್ನು ತೋರುಬೆರಳಿನಿಂದ ಉಜ್ಜುತ್ತ ಕೂತಳು. ತನ್ನ ಕೈಯ ಸಾರು ಅನ್ನ ಉಂಡವನು. ಈಗ ಗಂಡನಿಗೆ ಬೆಂಕಿಯನ್ನೂ ಕೊಟ್ಟು ಬರುತ್ತಿದ್ದಾನೆ, ಅದಕ್ಕೆ ತಲೆಯಾಡಿಸಿದವಳು ತಾನೇ! ಬೆಳಗಿನಿಂದ ಬಂದಿದ್ದ ಅಳು ಎಲ್ಲಿ ಹೋಯಿತೋ ಹೋಯಿತು.

*

ಮಧ್ಯಾಹ್ನ ಮೂರಕ್ಕೆ ಗಂಡಸರು ಮಿಂದು ಬಂದರು. ಲಕ್ಷ್ಮೀನಾರಾಯಣ ಒದ್ದೆ ಪಂಚೆಯಲ್ಲೇ ದೀಪಕ್ಕೆ ಕೈಮುಗಿದು, ಅದರ ಪಕ್ಕದ ಚಾಪೆಯ ಮೇಲೆ ಕೂತ. ಎಲ್ಲ ಸರಿಯಾಗಿ ಆಯಿತೆಂದು ಕೃಷ್ಣಮೂರ್ತಿಗಳು ಹೇಳಿದರು. ಉಳಿದವರು ಅಲ್ಲಿಂದಲೇ ಮನೆಗೆ ಹೋಗಿದ್ದರು.

ಸ್ವಲ್ಪ ಹೊತ್ತಿನ ಮೇಲೆ ಲಕ್ಷ್ಮೀನಾರಾಯಣ ಮೆಲ್ಲಗೆ, ಬೆಳಿಗ್ಗೆ ಚೆಲ್ಲಿದವೆಂದು ಕೃಷ್ಣಮೂರ್ತಿಗಳಿಂದ ಕೇಳಿದ್ದ ಕಾರ್ಡುಗಳ ಮಾತೆತ್ತಿದ. ಅದು ಮೊಟ್ಟಮೊದಲ ಕಟ್ಟು, ಮನೆಯಲ್ಲಿದ್ದರೆ ಹಾಳಾಗುತ್ತದೆ, ಮುಂದಿನ ತಿಂಗಳು ದಿಲ್ಲಿಯಿಂದ ಪದ್ಧತಿ ನೋಡಲು ದೊಡ್ಡವರು ಬರುತ್ತಾರೆ, ಕರ್ಮ ಮುಗಿದ ಮೇಲೆ ತಾನೇ ಬರೋಡಾಕ್ಕೆ ಒಯ್ದು ಜೋಪಾನ ಮಾಡುವೆನೆಂದ. ಜೋಪಾನ ಎಂಬ ಮಾತನ್ನು ಎರಡು ಸಲ ಆಡಿದ.

ಇಂದುಮತಿ ಅಚ್ಚಿನ ಪುಸ್ತಕವನ್ನು ಚಾಪೆಯ ಮೇಲಿಟ್ಟಳು. "ಏಳನೇ ತೂತು ಯಾಕೆ ಖಾಲಿ ಬಿಟ್ಟಿದೀಯ?"

ಅವನು ಪುಸ್ತಕ ನೋಡಿದ. ಅವಳನ್ನು ನೋಡಲಿಲ್ಲ. "ಅದು ಮುಂದೆ ಹೊಸ ವಿಷಯ ಬಂದ್ರೆ ಇರ್ಲಿ ಅಂತ, ಅತ್ತಿಗೆ."

"ಹಂಗಂತ ಯಾರು ಹೇಳಿದ್ರು?"

"ಅಣ್ಣನೇ ಹೇಳಿದ್ದು. ಪುಸ್ತಕಾನೂ ಅವರೇ ನಿನ್ನ ಹೆಸರಲ್ಲೇ ಹಾಕ್ಕೋ, ನನಗೆ ಹೆಸರು ಬೇಡ ಅಂದ್ರು." ತಡೆದು, ಇನ್ನೂ ಮೆತ್ತಗೆ ಕೇಳಿದ. "ನಿಮಗೆ ಹೇಳಿರ್ಲಿಲ್ವಾ?"

ಆ ಕೊನೆಯ ಪ್ರಶ್ನೆ ನೇರವಾಗಿ ನಾಟಿತು. ಏಳರ ಗುಟ್ಟು ಸೀತಾರಾಮ ಬೇರೆಯಾಗಿ ಹೇಳಿರಲಾರ; ಅಷ್ಟು ಸುಳ್ಳು ಖಂಡಿತ. ಆದರೆ ಹೆಸರು ಬೇಡವೆಂದಿದ್ದರೆ? ಅವನು ಹಾಗೆ ಅನ್ನಬಹುದಾದ ಮನುಷ್ಯನೇ. ಕೇಳಿದವರಿಗೆ ಹೊದ್ದ ಶಾಲೂ ಕೊಟ್ಟು ಬರುವವನು. ತನ್ನದನ್ನು ಕೊಡಲಿ, ಇವಳ ಮೂರು ಚಳಿಗಾಲವನ್ನೂ ಒಂದು ಮಾತು ಕೇಳದೆ ಕೊಟ್ಟುಬಿಟ್ಟನೆ? ಇನ್ನೂ ಬೂದಿಯೂ ಆರದ ಗಂಡನನ್ನು ಇಂದುಮತಿ ಆ ಗಳಿಗೆ ಮನಸಾರೆ ದ್ವೇಷಿಸಿದಳು.

"ರಜನಿ, ಡಬ್ಬ ತಗೊಂಡು ಬಾ. ಕಡ್ಡೀನೂ ತಾ."

ಏಳರಲ್ಲಿ ಒಂದು ಕಾರ್ಡೂ ಉದುರುವುದಿಲ್ಲವೆಂದು ಅವನ ಕಣ್ಣೆದುರು ತೋರಿಸಬೇಕು, ಯಾಕೆಂದು ಕೃಷ್ಣಮೂರ್ತಿಗಳ ಮುಂದೆ ಹೇಳಬೇಕು. ಅವಳಿಗೆ ಬೇಕಿದ್ದದ್ದು ಅಷ್ಟೇ. ಕಟ್ಟನ್ನು ತಟ್ಟಿ ಅಂಚು ಕೂಡಿಸಿದಳು. ಬೆರಳು ತಾನಾಗಿ ಎಣಿಸಿತು: ಲಾಭ, ಎರಡು, ಮೂರು, ನಾಲ್ಕು, ಐದು, ಆರು, ಮತ್ತೊಂದು. ಕಡ್ಡಿ ತೂರಿಸಿ, ಎರಡು ತುದಿ ಹಿಡಿದು ಎತ್ತಿ, ಒಮ್ಮೆ ಅಲುಗಿಸಿದಳು.

ಒಂದು ಕಾರ್ಡು ಜಾರಿ ಅವನ ಮಡಿಲಿಗೆ ಬಿತ್ತು.

ಇಂದುಮತಿ ಕಟ್ಟನ್ನು ಎಡಗೈಗೆ ಬದಲಿಸಿ, ಬಗ್ಗಿ ಅದನ್ನು ಎತ್ತಿಕೊಂಡಳು. ಇವಳು ಕತ್ತರಿಸಿದ್ದಲ್ಲ, ಪಂಚಿನ ಗುರುತಿಲ್ಲ, ಬ್ಲೇಡಿನಲ್ಲಿ ಅಂಕುಡೊಂಕಾಗಿ ಕೊಯ್ದದ್ದು. ಏಳು ಬಿಟ್ಟರೆ ಬೇರೆ ಯಾವ ತೂತೂ ತೆರೆದಿರಲಿಲ್ಲ. ಉಳಿದ ಕಾರ್ಡುಗಳೆಲ್ಲ ಇಂಗ್ಲಿಷಿನಲ್ಲಿದ್ದರೆ ಇದೊಂದು ಕನ್ನಡದಲ್ಲಿತ್ತು. ಸೀತಾರಾಮನ ದುಂಡು ಅಕ್ಷರ. ಲೇಖಕ: ಲಕ್ಷ್ಮೀನಾರಾಯಣ. ಹೆಸರು: ಲೇಖನಗಳು ತಾವೇ ವಿಷಯವಾರು ವಿಂಗಡವಾಗುವ ಹೊಸ ಪದ್ಧತಿ. ವರ್ಷ: ೧೯೬೪. ಲೇಖನದ ಸಾರ ಬರೆಯುವ ಜಾಗದಲ್ಲಿ ಎರಡು ಸಾಲು.

ಕಾರ್ಡುಗಳನ್ನು ಕತ್ತರಿಸಿದವಳು ನನ್ನ ಇಂದೂ.
ಅವನು ನನ್ನನ್ನು ಕೇಳಲಿಲ್ಲ.

ಎರಡು ವರ್ಷ. ದಿನಾ ಸಂಜೆ ಕಾಫಿ ಕೊಡುತ್ತ ಆಫೀಸಿನಲ್ಲಿ ಏನು ವಿಶೇಷ ಎಂದು ಕೇಳುತ್ತಿದ್ದಳು, ಏನಿಲ್ಲ ಎನ್ನುತ್ತಿದ್ದ. ತನ್ನ ಸಂಕಟವನ್ನು ಹೆಂಡತಿಗೆ ಹೇಳದೆ ರಟ್ಟಿಗೆ ಹೇಳಿ, ಬೂಟಿನ ಡಬ್ಬದಲ್ಲಿ ಮುಚ್ಚಿಟ್ಟು ಹೋಗಿದ್ದ. ಇನ್ನು ಜಗಳವಾಡೋಣವೆಂದರೂ ಅವನಿಲ್ಲ. ಇವನಿದ್ದಾನೆ.

ಅವಳು ಕಾರ್ಡನ್ನು ಲಕ್ಷ್ಮೀನಾರಾಯಣನ ಕಣ್ಣೆದುರು ಹಿಡಿದಳು. ಅವನು ಓದಿದ. ಮತ್ತೊಮ್ಮೆ ಓದಿದ.

"ಏಳು" ಎಂದಳು ಇಂದುಮತಿ.

"ಹೌದು ಅತ್ತಿಗೆ, ಏಳನೇದು" ಎಂದ ಅವನು.

"ಏಳು."

ಕೃಷ್ಣಮೂರ್ತಿಗಳಿಗೆ ಮೊದಲು ಅರ್ಥವಾಯಿತು. "ಬೆಂಕಿ ಕೊಟ್ಟವನಮ್ಮಾ, ಹತ್ತು ದಿನ ಅವನು..." ಎಂದು ಶುರುಮಾಡಿದವರು ಅವಳ ಮುಖ ನೋಡಿ ಅಲ್ಲಿಗೇ ಬಿಟ್ಟರು.

ಲಕ್ಷ್ಮೀನಾರಾಯಣ ಎದ್ದ. ಚಾಪೆಯ ಮೇಲೆ ಒದ್ದೆ ಪಂಚೆಯ ಗುರುತು ಉಳಿಯಿತು. ಅವನು ಚಪ್ಪಲಿ ಮೆಟ್ಟಿ ಗೇಟು ದಾಟುವವರೆಗೂ ಇಂದುಮತಿ ಎಡಗೈಯಲ್ಲಿ ಕಡ್ಡಿಯನ್ನು ಹಾಗೆಯೇ ಎತ್ತಿ ಹಿಡಿದಿದ್ದಳು. ಮುನ್ನೂರು ಕಾರ್ಡುಗಳು ಅದರಲ್ಲಿ ನೇತಾಡುತ್ತಿದ್ದವು, ಒಂದೂ ಬೀಳಲಿಲ್ಲ.