ಹಗ್ಗದ ಇನ್ನೊಂದು ತುದಿ

“ಏ, ಆ ಹಗ್ಗದವಳನ್ನ ಮೂಲೆಗೆ ನಿಲ್ಲಿಸ್ರೋ. ಟೀವಿಯೋರು ಬರೋ ಹೊತ್ತು. ಬಾಗಿಲಲ್ಲೇ ದರಿದ್ರ.”

ಪಕ್ಷದ ಕಚೇರಿಯ ಮ್ಯಾನೇಜರ್ ಮೂಗಿಗೆ ಕರವಸ್ತ್ರ ಒತ್ತಿಕೊಂಡು ಕೂಗಿದ. ಮೂಲೆಗೆ ಹೋಗುವುದು ಹೇಗೆ? ನನ್ನ ಗಂಡ ಅವರ ಅಂಗಳದ ಚರಂಡಿ ಗುಂಡಿಯೊಳಗೆ ಇಳಿದಿದ್ದ. ಅವನ ಎದೆಗೆ ಕಟ್ಟಿದ ಹಗ್ಗದ ಇನ್ನೊಂದು ತುದಿ ನನ್ನ ಸೊಂಟದಲ್ಲಿತ್ತು. ಒಂದು ಸಲ ಜಗ್ಗಿದರೆ ಹಗ್ಗ ಸಡಿಲ ಬಿಡಬೇಕು, ಎರಡು ಸಲ ಜಗ್ಗಿದರೆ ಮೇಲಕ್ಕೆ ಎಳೆಯಬೇಕು. ಹನ್ನೊಂದು ವರ್ಷದಿಂದ ಇದೇ ನನ್ನ ನೌಕರಿ.

ಒಳಗೆ ಸಭೆ ನಡೆದಿತ್ತು. ಬಡವರ ಓಟಿನಿಂದ ಗದ್ದುಗೆ ಏರಿದ ಪಕ್ಷ ಅದು. ನಮ್ಮ ಕೇರಿಯ ಓಟೆಲ್ಲ ಅದಕ್ಕೇ. ಈಗ ಅದರ ಮಂತ್ರಿಯೇ ಸುಧಾರಣೆ ತಂದಿದ್ದ: ಚರಂಡಿ ಕೆಲಸ ಕಂಟ್ರಾಕ್ಟರಿಗೆ, ಗುಂಡಿಗೊಬ್ಬನೇ ಆಳು, ಹಗ್ಗ ಹಿಡಿಯುವವರು ದಂಡದ ಖರ್ಚು. ಹೋದ ತಿಂಗಳು ಪರೀಕ್ಷೆಗೆಂದು ನನ್ನ ಮೈದುನನ ಹಗ್ಗವನ್ನು ದೀಪದ ಕಂಬಕ್ಕೆ ಕಟ್ಟಿ ಇಳಿಸಿದರು. ಅವನು ಎರಡು ಸಲ ಜಗ್ಗಿಯೇ ಇರಬೇಕು. ಕಂಬ ಎಳೆಯಲಿಲ್ಲ.

ಪಕ್ಷದೊಳಗೆ ಇದಕ್ಕೆ ಅಡ್ಡ ನಿಂತವನು ಗುಡುಗಪ್ಪ. ಭಾಷಣದ ಅಬ್ಬರ ನೋಡಿ ನಾವಿಟ್ಟ ಹೆಸರು. ಮೈದುನನ ಹೆಣದ ಮುಂದೆ ಕೂತು, “ಆ ನನ್ಮಗ ಮಂತ್ರಿ ಇದನ್ನ ಪಾಸ್ ಮಾಡ್ಬೇಕಾದ್ರೆ ಮೊದ್ಲು ನನ್ನ ಹೆಣ ಬೀಳ್ಬೇಕು ತಾಯಿ” ಅಂದಿದ್ದ. ಇವತ್ತಿನ ಸಭೆಯಲ್ಲಿ ಅವನ ಕಡೆ ಹದಿನೇಳು ಕೈ. ಅವು ಏಳದಿದ್ದರೆ ಸುಧಾರಣೆ ಬಿದ್ದಂತೆ. ಆ ಕೈಗಳನ್ನೇ ನಂಬಿಕೊಂಡು ನಿಂತಿದ್ದೆ.

ಗುಡುಗಪ್ಪ ಫೋನ್ ಹಿಡಿದು ಹೊರಗೆ ಬಂದ. ನನ್ನನ್ನೂ ಕಂಬ ಅಂದುಕೊಂಡನೋ ಏನೋ, ಪಕ್ಕದಲ್ಲೇ ನಿಂತು ಮಾತಾಡಿದ.

“ಆಯ್ತು ಕಣಯ್ಯ. ನಂಗೂ ಮಂತ್ರಿ ಕುರ್ಚಿ ಕೊಡ್ತಾರಂತೆ. ಕೈ ಎತ್ತೋದೇ. ನಾನು ಎತ್ತಿದ ಮೇಲೇ ನಮ್ಮೋರು ಎತ್ತೋದು, ಎಲ್ರಿಗೂ ಹೇಳಿದೀನಿ.”

ಗುಡುಗುವ ಮೋಡ ಸುರಿಯುವುದಿಲ್ಲ ಅಂತ ನನಗೆ ಗೊತ್ತಿರಬೇಕಿತ್ತು. ಆದರೂ ಕೇಳಿಯೇ ಬಿಟ್ಟೆ.

“ಏನಣ್ಣ, ಕೈ ಎತ್ತೀರಂತೆ?”

ಬೆಚ್ಚಿದ. “ಪಕ್ಷ ಒಡೀಬಾರ್ದಲ್ಲಮ್ಮ. ನಿಂಗೆ ಇದೆಲ್ಲ ತಿಳಿಯಲ್ಲ.”

ಅಷ್ಟರಲ್ಲಿ ಕ್ಯಾಮೆರಾಗಳು ಬಂದವು. ಅವನ ಮುಖ ತಾನಾಗಿ ಅರಳಿತು. ನಾನು ಸೊಂಟದ ಗಂಟು ಬಿಚ್ಚಿ ಹಗ್ಗ ಚಾಚಿದೆ.

“ಟೀವಿಯೋರ ಮುಂದೆ ಒಂದು ಗಳಿಗೆ ಹಿಡ್ಕೊಳ್ಳಿ ಅಣ್ಣ. ಜನ ನೋಡ್ಲಿ.”

ಹಿಡಿದ.

“ಹಂಗಲ್ಲ. ಸೊಂಟಕ್ಕೆ ಕಟ್ಕೋಬೇಕು.”

ನಗುತ್ತಾ ತೋಳು ಅಗಲಿಸಿ ನಿಂತ. ಬೆನ್ನ ಹಿಂದೆ ನಮ್ಮವರ ಗಂಟು ಹಾಕಿದೆ. ಒದ್ದೆ ಹಗ್ಗ, ಕಟ್ಟಿದವರೇ ಬಿಚ್ಚಬೇಕು.

ಒಳಗೆ ಗಂಟೆ ಬಾರಿಸಿದರು. ಮ್ಯಾನೇಜರ್ ಓಡಿ ಬಂದ. “ಬನ್ನಿ ಸಾರ್, ಮತಕ್ಕೆ ಹಾಕ್ತಿದಾರೆ. ಎಲ್ರೂ ನಿಮ್ಮ ಕೈ ನೋಡ್ತಾ ಕೂತವ್ರೆ.”

“ಬಿಚ್ಚಮ್ಮ.”

“ಕೆಳಗೆ ನನ್ನ ಗಂಡ ಇದಾನೆ.”

“ಬಿಚ್ಚೇ, ಬೋಸುಡಿ.”

“ಟೀವಿ ಓಡ್ತಾ ಇದೆ ಅಣ್ಣ. ಮೆತ್ತಗೆ ಬೈರಿ.”

“ಚಾಕು ತರ್ಲಾ ಸಾರ್?” ಮ್ಯಾನೇಜರ್ ಕೇಳಿದ.

“ಇವ್ರ ಮುಂದೆ ಕುಯ್ತೀಯೇನೋ ಮುಠ್ಠಾಳ?” ಹಲ್ಲು ಕಚ್ಚಿ ನಗುತ್ತಲೇ ಅಂದ.

ಒಳಗಿನಿಂದ ಯಾರೋ ಮತ್ತೆ ಅವನ ಹೆಸರು ಕೂಗಿದರು. ಅವನು ಬಾಗಿಲ ಕಡೆಗೆ ಒಂದು ಹೆಜ್ಜೆ ಇಟ್ಟ. ಹಗ್ಗ ಬಿಗಿಯಾಯಿತು, ನಿಂತ.

ಆಗ ಗುಂಡಿಯ ಬಾಯಲ್ಲಿ ಹಗ್ಗ ಜಗ್ಗಿತು. ಒಂದು. ಎರಡು.

ಅವನು ಇನ್ನೂ ಬಾಗಿಲನ್ನೇ ನೋಡುತ್ತಿದ್ದ. ನಾನು ಅವನ ಮುಂದೆ ನಿಂತು ಹಗ್ಗಕ್ಕೆ ಎರಡೂ ಕೈ ಹಾಕಿದೆ. ಗಂಟು ಮಾತ್ರ ಮುಟ್ಟಲಿಲ್ಲ.

“ಕಂಬದ ಥರ ನಿಲ್ಬೇಡ,” ಅಂದೆ. “ಎಳಿ.”