ಹದಿನೆಂಟು ಮೆಟ್ಟಿಲು

ಖೂಬಾ ಪ್ಲಾಟ್ ಬಡಾವಣೆಯ ನಾಗರತ್ನಾ ಅವರಿಗೆ ಓಣಿಯ ಸುದ್ದಿಯೆಲ್ಲ ತಿಳಿಯದಿದ್ದರೆ ಉಂಡ ಅನ್ನ ಮೈಗೆ ಹತ್ತುತ್ತಿರಲಿಲ್ಲ. ಸರಕಾರಿ ಕಚೇರಿಯಲ್ಲಿ ಗುಮಾಸ್ತೆಯಾಗಿ ನಿವೃತ್ತರಾದವರು. ಯಾರ ಮನೆಗೆ ಇಂಗ್ಲಿಷ್ ಕಾಗದ ಬಂದರೂ ಮೊದಲು ಓದುವವರು ಅವರೇ. ಅಂಥವರ ಮನೆಯಂಗಳದ ಕೋಣೆಗೆ ಕಮಲಾಪುರದ ಮಾನಮ್ಮ, ಮಗಳು ಅಂಜನಾಳನ್ನು ಕರೆದುಕೊಂಡು ಬಾಡಿಗೆಗೆ ಬಂದಳು.

ಅಂಜನಾಳಿಗೆ ರಕ್ತದ ಕ್ಯಾನ್ಸರ್ ಆಗಿತ್ತು. ಎರಡು ತಿಂಗಳ ಹಿಂದೆ ಹೈದರಾಬಾದಿನಲ್ಲಿ ಅಣ್ಣನ ಅಸ್ಥಿಮಜ್ಜೆಯನ್ನು ಅವಳಿಗೆ ಹಾಕಿದ್ದರು. ವಾರವಾರವೂ ಸೇಡಂ ರಸ್ತೆಯ ಆಸ್ಪತ್ರೆಯಲ್ಲಿ ತಪಾಸಣೆ ಇದ್ದುದರಿಂದ ಊರಿಗೆ ಹೋಗದೆ ಇಲ್ಲೇ ಉಳಿದಿದ್ದರು.

“ಹಂಗಾರ ಇಕಿ ಮೈಯಾಗ ಈಗ ಅಣ್ಣನ ರಕ್ತ ಹರೀತದೇನು?” ನಾಗರತ್ನಾ ಕಣ್ಣರಳಿಸಿದರು.

“ಹೌದ್ರಿ ಯಕ್ಕಾ. ಗ್ರೂಪ್ ಸುದ್ದಾ ಅಂವಂದೇ ಆಗ್ತದಂತ,” ಎಂದು ಮಾನಮ್ಮ ಹೆಮ್ಮೆಯಿಂದ ಹೇಳಿದಳು.

ಒಂದು ಬೆಳಿಗ್ಗೆ ಅಂಜನಾಳಿಗೆ ಮೂತ್ರ ಕೆಂಪಗೆ ಹೋಯಿತು. ಉರಿ ಬೇರೆ. ಮಾನಮ್ಮ ಗಾಬರಿಯಾಗಿ ಓಡಿಬಂದಾಗ ನಾಗರತ್ನಾ ಕಾರಣವನ್ನೂ ಕೂಡಲೇ ಕಂಡುಹಿಡಿದುಬಿಟ್ಟರು. “ಊರಿಂದ ಕೆಂಪು ಬಾಳೆಹಣ್ಣು ತರ್ತೀರಲ್ಲ, ಅದ್ರದೇ ಬಣ್ಣ!”

“ಸಿಪ್ಪಿ ಅಷ್ಟೇ ಕೆಂಪ್ರಿ ಯಕ್ಕಾ. ನಾವು ಹುಟ್ಟಿದಾಗಿಂದ ತಿಂತೀವಿ, ನಮಗೇನೂ ಆಗಿಲ್ಲ.”

ಆಸ್ಪತ್ರೆಯ ಡಾಕ್ಟರ್ ಹಾಜಿರಾ ಪರೀಕ್ಷೆ ಬರೆದುಕೊಟ್ಟು, ಕುದಿಸಿ ಆರಿಸಿದ ನೀರನ್ನು ದಿನಕ್ಕೆ ಮೂರು ಲೀಟರ್ ಕುಡಿಯಲು ಹೇಳಿದರು. ಎರಡು ದಿನಕ್ಕೆ ವರದಿ ಬಂತು. ಮಗಳು ಮಲಗಿದ್ದಳು. ಮಾನಮ್ಮ ಅದನ್ನು ನಂಬಿಕೆಯಿಂದ ನಾಗರತ್ನಾ ಕೈಗಿಟ್ಟಳು. ಅದರಲ್ಲಿ ‘ವೈರಸ್’ ಎಂಬ ಮಾತು ಕಂಡದ್ದೇ ತಡ, ನಾಗರತ್ನಾ ಮುಂದಿನ ಸಾಲು ಓದಲಿಲ್ಲ.

ಅಂದು ಸಂಜೆಯೇ ಗೋಡೆಯಾಚೆಯ ಇಮಾಮಬಿಗೆ ಸುದ್ದಿ ಮುಟ್ಟಿತು. ಮರುದಿನ, ಅಲ್ಲಿಯವರೆಗೆ ಎಲ್ಲರೂ ಬಳಸುತ್ತಿದ್ದ ಅಂಗಳದ ಸಂಡಾಸಕ್ಕೆ ಕೀಲಿ ಬಿತ್ತು.

“ಮಾಳಿಗಿ ಮ್ಯಾಲೆ ಒಂದು ಅದ. ನಿಮ್ಮಕಿ ಅದಕ್ಕ ಹೋಗಲಿ.”

“ತಾಸಿಗೊಮ್ಮೆ ಹೋಗ್ತಾಳ್ರಿ. ಹದಿನೆಂಟು ಮೆಟ್ಟಿಲ ಹೆಂಗ ಹತ್ತಬೇಕು?”

“ಹಗೂರಕ ಹತ್ತಲಿ. ನಾನೂ ಅರವತ್ತೈದು ದಾಟೀನಿ ಮಾನಮ್ಮ. ನನ್ನ ಜೀವದ ಕಾಳಜಿ ನಾನೇ ಮಾಡ್ಬೇಕಲ್ಲ?”

ಮಾತಿನಲ್ಲಿ ಸುಳ್ಳಿರಲಿಲ್ಲ, ಅವರಿಗೆ ನಿಜವಾಗಿಯೂ ಹೆದರಿಕೆಯಾಗಿತ್ತು. ಮಾನಮ್ಮ ಕೊಟ್ಟಿದ್ದ ಬಾಳೆಹಣ್ಣನ್ನೂ ಅವರು ಬೀದಿಯ ಆಕಳಿಗೆ ಹಾಕಿದರು. ಆದರೆ ಕುತೂಹಲ ಮಾತ್ರ ಸುಮ್ಮನಿರಲಿಲ್ಲ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಲೇ ಮೆಟ್ಟಿಲ ಸಪ್ಪಳ ಎಣಿಸುತ್ತಿದ್ದರು. ಮೊದಲ ದಿನ ಹದಿನಾಲ್ಕು ಸಲ, ಮರುದಿನ ಎಂಟು, ಮೂರನೆಯ ದಿನ ಮೂರೇ ಸಲ. ಹುಡುಗಿಗೆ ಆರಾಮಾಯಿತೆಂದು ಅವರಿಗೆ ಸಮಾಧಾನವಾಯಿತು.

ನಾಲ್ಕನೆಯ ದಿನ ಮಧ್ಯಾಹ್ನ ಅಂಜನಾ ಹೊಟ್ಟೆ ಹಿಡಿದು ಚೀರಿದಳು. ಬೆಳಗಿನಿಂದ ಮೂತ್ರ ಒಂದು ಹನಿಯೂ ಬಂದಿರಲಿಲ್ಲ. ನಾಗರತ್ನಾ ಓಡಿಬಂದು ನೋಡಿದರೆ ನೀರಿನ ಕೊಡ ತುಂಬಿದ್ದು ತುಂಬಿದ ಹಾಗೇ ಇತ್ತು. ಅವರೇ ಬೀದಿಗೆ ಹೋಗಿ ಆಟೋ ನಿಲ್ಲಿಸಿದರು, ತಾವೂ ಹತ್ತಿದರು.

ರಕ್ತ ಹೆಪ್ಪುಗಟ್ಟಿ ಮೂತ್ರದ ದಾರಿ ಮುಚ್ಚಿತ್ತು. ಡಾಕ್ಟರ್ ಹಾಜಿರಾ ನಳಿಕೆ ಹಾಕಿ ಮೂತ್ರಕೋಶ ತೊಳೆಸಿ, ಹುಡುಗಿಯ ನೋವು ಇಳಿದ ಮೇಲೆ ಕೇಳಿದರು: “ನೀರೇ ಔಷಧಿ ಅಂತ ಹೇಳಿದ್ನಲ್ಲವಾ, ಯಾಕ ಕುಡೀಲಿಲ್ಲ?”

ಅಂಜನಾ ನಾಗರತ್ನಾ ಕಡೆ ನೋಡಲಿಲ್ಲ. “ಕುಡದ್ರ ಹೋಗ್ಬೇಕಾಗ್ತದ್ರಿ. ಮೆಟ್ಟಿಲ ಹತ್ತಾಕ ಆಗವಲ್ದು.”

ಮಾನಮ್ಮನೂ ಕೀಲಿಯ ಸುದ್ದಿ ಎತ್ತಲಿಲ್ಲ. ಅವರು ಬೈದಿದ್ದರೆ ನಾಗರತ್ನಾ ತಿರುಗಿ ಬೈಯಬಹುದಿತ್ತು. ಮೊದಲೇ ಕೇಳಬೇಕಿದ್ದ ಪ್ರಶ್ನೆಯನ್ನು ನಾಗರತ್ನಾ ಈಗ ಡಾಕ್ಟರಿಗೆ ಕೇಳಿದರು.

“ಮೇಡಂ, ಈ ವೈರಸ್ ಇಕಿಗೆ ಎಲ್ಲಿಂದ ಬಂತ್ರಿ?”

“ಈಗ ಎಲ್ಲಿಂದನೂ ಬಂದಿಲ್ರಿ. ಸಣ್ಣಾಕಿದ್ದಾಗೇ ಬಂದು ಕಿಡ್ನಿಯೊಳಗ ಮಲಗಿತ್ತು. ಹೊಸ ಮಜ್ಜೆಗೆ ಇನ್ನೂ ಶಕ್ತಿ ಬಂದಿಲ್ಲ, ಅದಕ್ಕ ಎದ್ದದ. ಆ ಶಕ್ತಿ ಬಂದ ಮ್ಯಾಲೆ ತಾನೇ ಮಲಗ್ತದ.”

“ಹಂಗಾರ ಉಳದವರಿಗೆ?”

“ಹತ್ತರಾಗ ಎಂಟು ಮಂದಿ ಮೈಯಾಗ ಅದು ಅದ. ಗೊತ್ತೂ ಆಗೂದಿಲ್ಲ. ನನ್ನ ಮೈಯಾಗೂ ಇರಬೇಕು, ನಿಮ್ಮ ಮೈಯಾಗೂ ಇರಬೇಕು. ಸಂಡಾಸ ಸ್ವಚ್ಛ ಇರಬೇಕು, ಖರೆ. ಅದು ಇಕಿ ಸಲುವಾಗಿ, ನಿಮ್ಮ ಸಲುವಾಗಿ ಅಲ್ಲ.”

ನಾಗರತ್ನಾ ತಮ್ಮ ಸೊಂಟದ ಮೇಲೆ, ಕಿಡ್ನಿ ಇರುವಲ್ಲಿ, ಕೈಯಿಟ್ಟುಕೊಂಡರು. ಇಷ್ಟು ವರ್ಷ ಊರವರ ಸುದ್ದಿಯನ್ನೆಲ್ಲ ತಿಳಿದುಕೊಂಡವರಿಗೆ ತಮ್ಮ ಮೈಯ ಸುದ್ದಿಯೇ ತಿಳಿದಿರಲಿಲ್ಲ.

ಹತ್ತು ದಿನದ ಮೇಲೆ ಅಂಜನಾ ಮರಳಿ ಬಂದಳು. ಆಟೋ ಇಳಿದವಳು ರೂಢಿಯಂತೆ ಸಂಡಾಸಕ್ಕೆಂದು ಮೆಟ್ಟಿಲ ಮೇಲೆ ಕಾಲಿಟ್ಟಳು.

“ಅತ್ತ ಯಾಕವಾ?” ಎಂದರು ನಾಗರತ್ನಾ.

ಅಂಗಳದ ಸಂಡಾಸದ ಬಾಗಿಲು ತೆರೆದಿತ್ತು. ಕೀಲಿ ಇರಲಿಲ್ಲ. ನೆಲವನ್ನು ಆಗಷ್ಟೇ ತಿಕ್ಕಿ ತೊಳೆದಿದ್ದರು. ನಾಗರತ್ನಾ ಸೀರೆಯ ಅಂಚು ಇನ್ನೂ ಒದ್ದೆಯಾಗಿತ್ತು. ಮಾನಮ್ಮ ಊರಿನಿಂದ ತರಿಸಿದ್ದ ಬಾಳೆಹಣ್ಣಿನ ಚಿಪ್ಪನ್ನು ಅವರ ಕಟ್ಟೆಯ ಮೇಲಿಟ್ಟಳು.

ಗೋಡೆಯಾಚೆಯಿಂದ ಇಮಾಮಬಿ ಇಣುಕಿದಳು. “ನಾಗರತ್ನಾ ಬಾಯಿ, ಆ ಪೋರಿಗಿ ಏನೋ ವೈರಸ್ ಅದ ಅಂದಿದ್ರಲ್ಲ? ಮತ್ತ ಕರಕೊಂಡ್ರೇನು?”

ನಾಗರತ್ನಾ ಒಂದು ಹಣ್ಣು ಸುಲಿದು ಬಾಯಿಗಿಟ್ಟರು. ಆಮೇಲೆ ಓಣಿಗೆಲ್ಲ ಕೇಳುವಂತೆ ಹೇಳಿದರು:

“ಅದ. ನನಗೂ ಅದ. ಡಾಕ್ಟರೇ ಹೇಳ್ಯಾರ.”

ಇಮಾಮಬಿ ಮುಂದಿನ ಪ್ರಶ್ನೆ ಕೇಳುವಷ್ಟರಲ್ಲಿ ನಾಗರತ್ನಾ ಆಗಲೇ ಕೋಣೆಯ ಕಡೆ ತಿರುಗಿದ್ದರು.

“ಅಂಜನಾ, ನೀರು ಕುಡದಿಯೇನವಾ?”